ವಿಕೋಪಾನಂತರದ ಮನೋಸಾಮಾಜಿಕ ನೆರವು ಮತ್ತು ಸ್ವಯಂಸೇವಕರು

ಭೂಕಂಪ, ಚಂಡಮಾರುತ, ಪ್ರವಾಹ, ಭೂಕುಸಿತ, ಸುನಾಮಿಗಳಲ್ಲಿ ಬದುಕುಳಿದವರು ಮನಸ್ಸಿಗಾದ ಪೆಟ್ಟನ್ನು ತಾಳಿಕೊಂಡು ಮತ್ತೆ ಬದುಕು ಕಟ್ಟಿಕೊಳ್ಳುವಂತೆ, ಅಲ್ಪಾವಧಿಯ ತರಬೇತಿ ಪಡೆದ ಸಾಮಾನ್ಯ ಜನ ಅವರಿಗೆ ಒತ್ತಾಸೆಯಾಗಿ ನಿಲ್ಲುವ ಕ್ರಮ. ಇಂಥ ಸ್ವಯಂಸೇವಕರಲ್ಲಿ ಶಾಲಾ ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು, ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ನೌಕರರು ಇರುತ್ತಾರೆ. ಅದೇ ವಿಕೋಪದಲ್ಲಿ ಮನೆಮಠ ಕಳೆದುಕೊಂಡವರೂ ಅನೇಕ ಸಲ ಈ ಕೆಲಸಕ್ಕೆ ಮುಂದೆ ಬರುತ್ತಾರೆ. ನೊಂದವರ ಮಾತಿಗೆ ಕಿವಿಗೊಡುವುದು ಅವರ ಕೆಲಸದ ಒಂದು ಮುಖ. ಪರಿಹಾರದ ಅರ್ಜಿ, ಪಡಿತರ ಚೀಟಿ, ಮಕ್ಕಳ ಶಾಲೆ, ಕಾಣೆಯಾದವರ ಹುಡುಕಾಟ ಮುಂತಾದ ತೊಡಕುಗಳನ್ನು ಬಿಡಿಸಲು ಜೊತೆಗೆ ಓಡಾಡುವುದು ಇನ್ನೊಂದು ಮುಖ. ಇವೆರಡನ್ನೂ ಬೇರ್ಪಡಿಸಿ ನೋಡುವಂತಿಲ್ಲ ಎಂಬ ತಿಳಿವಳಿಕೆಯೇ ಈ ಕ್ಷೇತ್ರದ ಮುಖ್ಯ ಗಳಿಕೆ. ಭಾರತದಲ್ಲಿ ಈ ಕ್ರಮ ರೂಪುಗೊಂಡದ್ದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಾಲು ದೊಡ್ಡದು.

ಮನಸ್ಸಿನ ಮೇಲಿನ ಪರಿಣಾಮ

ವಿಕೋಪ ಎರಗಿದ ಮೊದಲ ದಿನಗಳಲ್ಲಿ ನಿದ್ದೆ ಹತ್ತದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಂಡ ದೃಶ್ಯವೇ ಮತ್ತೆ ಮತ್ತೆ ಕಣ್ಣೆದುರು ಬರುವುದು, ಮಾತು ನಿಂತುಹೋಗುವುದು, ‘ಅವರೆಲ್ಲ ಹೋದರು, ನಾನೊಬ್ಬ ಯಾಕೆ ಉಳಿದೆ’ ಎಂದು ಕೊರಗುವುದು ಬಹುತೇಕ ಎಲ್ಲರಲ್ಲೂ ಕಾಣುತ್ತವೆ. ಇವನ್ನು ಕಾಯಿಲೆ ಎಂದು ಕರೆಯುವುದು ತಪ್ಪು. ಬಂಧುಗಳು, ನೆರೆಹೊರೆಯವರು ಜೊತೆಗಿದ್ದು, ತಲೆಯ ಮೇಲೊಂದು ಸೂರು, ಕೈಗೊಂದು ಕೆಲಸ ಸಿಕ್ಕರೆ ಹೆಚ್ಚಿನವರಲ್ಲಿ ವಾರಗಳು, ತಿಂಗಳುಗಳು ಕಳೆದಂತೆ ಇವು ತಾವಾಗಿಯೇ ತಗ್ಗುತ್ತವೆ. ಕೆಲವರಲ್ಲಿ ಮಾತ್ರ ಖಿನ್ನತೆ, ಆಘಾತೋತ್ತರ ಒತ್ತಡದ ಕಾಯಿಲೆ, ಮಿತಿಮೀರಿದ ಕುಡಿತ, ಆತ್ಮಹತ್ಯೆಯ ಯೋಚನೆಗಳು ಬೇರೂರುತ್ತವೆ. ಮೊದಲೇ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದವರ ಸ್ಥಿತಿ ಇನ್ನೂ ಕಷ್ಟ. ಮಾತ್ರೆಯ ಚೀಟಿ ಮನೆಯೊಂದಿಗೆ ಕೊಚ್ಚಿಹೋಗಿರುತ್ತದೆ, ಶಿಬಿರದ ಗದ್ದಲದಲ್ಲಿ ಅವರನ್ನು ಕೇಳುವವರಿರುವುದಿಲ್ಲ.

ಹಳ್ಳಿಗಾಡಿನಲ್ಲಿ ಸಂಕಟ ಹೆಚ್ಚಾಗಿ ಮೈಯ ಮೂಲಕವೇ ಹೊರಬರುತ್ತದೆ. ಎದೆಭಾರ, ತಲೆಸುತ್ತು, ಕೈಕಾಲು ಜೋಮು, ಹಸಿವಿಲ್ಲ, ಸುಸ್ತು ಎಂದು ಹೇಳಿಕೊಂಡು ವೈದ್ಯರ ಬಳಿ ಬರುವವರಲ್ಲಿ ಮನಸ್ಸಿನ ನೋವು ಹೊತ್ತವರು ಎಷ್ಟೋ ಮಂದಿ. ಇದನ್ನು ಗುರುತಿಸಲು ಊರಿನ ಮಾತು, ನಡವಳಿಕೆ ಬಲ್ಲವರೇ ಬೇಕು.

ವಿಕೋಪದ ಆನಂತರದ ದಿನಗಳು ಕೂಡ ವಿಕೋಪದಷ್ಟೇ ಗಾಯ ಮಾಡಬಲ್ಲವು. ಶಿಬಿರದಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲದಿರುವುದು, ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು, ಜಮೀನಿನ ದಾಖಲೆ ಇಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆಯುವುದು, ಕೆಲಸವಿಲ್ಲದೆ ಕೈಕಟ್ಟಿ ಕೂರುವುದು ಮನಸ್ಸನ್ನು ದಿನದಿನವೂ ಕುಗ್ಗಿಸುತ್ತವೆ. ಆದ್ದರಿಂದಲೇ ಪರಿಹಾರದ ಅರ್ಜಿ ತುಂಬಿಕೊಡುವುದು ಕೂಡ ಮನಸ್ಸಿನ ಆರೈಕೆಯ ಭಾಗವೇ.

ಹಿನ್ನೆಲೆ

ಈ ವಿಚಾರದ ಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಒಂದು ಹುಟ್ಟಿದ್ದು ಬೆಂಕಿಯ ದುರಂತದಿಂದ. 1942ರ ನವೆಂಬರ್ 28ರ ರಾತ್ರಿ ಅಮೆರಿಕದ ಬೋಸ್ಟನ್‌ನ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್‌ನಲ್ಲಿ 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಹತ್ತಿರದಿಂದ ಕಂಡ ಮನೋವೈದ್ಯ ಎರಿಕ್ ಲಿಂಡೆಮನ್, ತೀವ್ರ ಶೋಕದ ಲಕ್ಷಣಗಳನ್ನು ಕುರಿತು 1944ರಲ್ಲಿ ಬರೆದ ಲೇಖನ ಇಂದಿಗೂ ಆಧಾರಗ್ರಂಥದಂತಿದೆ. ಶೋಕಕ್ಕೆ ತನ್ನದೇ ಆದ ನಡೆಯಿದೆ, ಅದನ್ನು ಅದುಮಿಟ್ಟರೆ ಬೇರೆ ರೂಪದಲ್ಲಿ ಕಾಡುತ್ತದೆ ಎಂದು ಅವರು ತೋರಿಸಿದರು. ನೊಂದವರೆಲ್ಲರಿಗೂ ಮನೋವೈದ್ಯರು ಸಿಗುವುದು ಸಾಧ್ಯವಿಲ್ಲವಾದ್ದರಿಂದ ಈ ತಿಳಿವಳಿಕೆಯನ್ನು ಇತರ ಸಹಾಯಕರಿಗೂ ದಾಟಿಸಬೇಕು ಎಂಬ ಅವರ ಮಾತು, ಸ್ವಯಂಸೇವಕರ ಪಾತ್ರವನ್ನು ಮುಂಗಂಡ ಮಾತು.

ಸ್ವಯಂಸೇವಕರು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಜಪಾನಿನ ಕೋಬೆಯಲ್ಲಿ. 1995ರ ಜನವರಿ 17ರ ನಸುಕಿನ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ಒಂದು ವರ್ಷದಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಹೋಗಿ ದುಡಿದರು. ಜಪಾನೀಯರು ಆ ವರ್ಷವನ್ನು ಸ್ವಯಂಸೇವೆಯ ಮೊದಲ ವರ್ಷವೆಂದೇ ಎಣಿಸುತ್ತಾರೆ. ಕೋಬೆ ವಿಶ್ವವಿದ್ಯಾಲಯದ ಮನೋವೈದ್ಯ ಆನ್ ಕತ್ಸುಮಸ ತಾವೇ ಭೂಕಂಪಪೀಡಿತರಾಗಿದ್ದೂ ಶಿಬಿರಗಳಲ್ಲಿ ದುಡಿದು, ಆ ಅನುಭವವನ್ನು 1996ರಲ್ಲಿ ಪುಸ್ತಕವಾಗಿಸಿದರು. ಮಾನಸಿಕ ಚಿಕಿತ್ಸೆ ಎಂಬ ಫಲಕ ಹಾಕಿದ ಮೇಜಿನ ಹತ್ತಿರ ಜನ ಸುಳಿಯಲು ಹಿಂಜರಿಯುತ್ತಿದ್ದರು. ಬಿಸಿನೀರಿನ ಬೋಗುಣಿ ಹಿಡಿದು ಬಂದ ವಿದ್ಯಾರ್ಥಿಗಳು ವೃದ್ಧರ ಪಾದಗಳನ್ನು ನೀರಿನಲ್ಲಿಟ್ಟು, ಕೈ ಒತ್ತುತ್ತ ಕುಳಿತರೆ ಅದೇ ಜನ ಮೆಲ್ಲಗೆ ಮಾತಾಡತೊಡಗುತ್ತಿದ್ದರು. ಪಾದಸ್ನಾನದ ಈ ಸೇವೆ ಆನಂತರದ ಜಪಾನಿ ಭೂಕಂಪಗಳಲ್ಲೂ ಮುಂದುವರಿಯಿತು.

ಕೋಬೆಯಲ್ಲಿ ಒಂದು ದೊಡ್ಡ ಪ್ರಮಾದವೂ ಆಯಿತು. ವೃದ್ಧರಿಗೆ, ಅಶಕ್ತರಿಗೆ ಮೊದಲು ಮನೆ ಸಿಗಲೆಂದು ತಾತ್ಕಾಲಿಕ ವಸತಿಗಳನ್ನು ಲಾಟರಿಯ ಮೂಲಕ ಹಂಚಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಕೇರಿಗಳು ಚೆದುರಿ, ಗುರುತಿನವರಿಲ್ಲದ ಸಾಲುಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಒಂಟಿಯಾಗಿ, ಯಾರಿಗೂ ತಿಳಿಯದಂತೆ ಸತ್ತರು. 2004ರಲ್ಲಿ ನಿಗಾತ ಪ್ರಾಂತದ ಭೂಕಂಪವಾದಾಗ ಯಮಕೋಶಿ ಹಳ್ಳಿಯ ಜನರನ್ನು ಕೇರಿ ಕೇರಿಯಾಗಿಯೇ ಒಟ್ಟಿಗೆ ಸ್ಥಳಾಂತರಿಸಿದ್ದು ಈ ಪಾಠದ ಫಲ.

ಭಾರತದಲ್ಲಿ

ವಿಕೋಪದ ಮಾನಸಿಕ ಪರಿಣಾಮಗಳ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಮೊದಲ ನೆಲೆಯಾದದ್ದು ಬೆಂಗಳೂರು. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಶೋಕವನ್ನು ಎಚ್. ಎಸ್. ನಾರಾಯಣನ್ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನ ಮಾಡಿ, ನಿಮ್ಹಾನ್ಸ್‌ನ ನಿಯತಕಾಲಿಕೆಯಲ್ಲಿ 1987ರಲ್ಲಿ ಪ್ರಕಟಿಸಿದರು.

1984ರ ಡಿಸೆಂಬರ್ 2–3ರ ನಡುರಾತ್ರಿಯ ಭೋಪಾಲ ಅನಿಲ ದುರಂತ ಪ್ರಕೃತಿ ವಿಕೋಪವಲ್ಲದಿದ್ದರೂ ಈ ಚರಿತ್ರೆಯಲ್ಲಿ ಅದನ್ನು ಬಿಡುವಂತಿಲ್ಲ. ಲಕ್ಷಾಂತರ ಜನ ಬಾಧಿತರಾದ ನಗರಕ್ಕೆ ಬೆರಳೆಣಿಕೆಯ ಮನೋವೈದ್ಯರು ಸಾಲುವುದಿಲ್ಲ ಎಂಬುದು ಅಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. 1985ರಲ್ಲಿ ನಿಮ್ಹಾನ್ಸ್ ತಂಡ ಅಲ್ಲಿನ ಸಾಮಾನ್ಯ ವೈದ್ಯರಿಗೇ ಮಾನಸಿಕ ಆರೈಕೆಯ ತರಬೇತಿ ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 1987ರಲ್ಲಿ ಹೊರಬಂದ ಕೈಪಿಡಿಯ ಕರ್ತೃಗಳಲ್ಲಿ ಆರ್. ಶ್ರೀನಿವಾಸ ಮೂರ್ತಿಯವರ ಜೊತೆ, ಕನ್ನಡದಲ್ಲಿ ಮನೋವೈದ್ಯಕೀಯ ಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿದ ಸಿ. ಆರ್. ಚಂದ್ರಶೇಖರ್ ಕೂಡ ಇದ್ದರು.

ಈ ಧೈರ್ಯದ ಹಿಂದೆ ಕರ್ನಾಟಕದ ಹಳ್ಳಿಗಳ ಅನುಭವವಿತ್ತು. 1975ರಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯವನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರು ಮಾನಸಿಕ ಕಾಯಿಲೆಗಳನ್ನು ಗುರುತಿಸಿ ನಿಭಾಯಿಸಬಲ್ಲರು ಎಂದು ತೋರಿಸಿತ್ತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಪ್ರಯೋಗ ವಿಸ್ತಾರಗೊಂಡು, ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಜ್ಞರ ಜ್ಞಾನವನ್ನು ಸರಳಗೊಳಿಸಿ ಊರಿನವರ ಕೈಗೆ ಕೊಡಬಹುದು ಎಂಬ ನಂಬಿಕೆ ಈ ಎರಡು ಜಾಗಗಳಲ್ಲಿ ಗಟ್ಟಿಯಾಗದಿದ್ದರೆ, ಮುಂದಿನ ವಿಕೋಪಗಳಲ್ಲಿ ಸ್ವಯಂಸೇವಕರನ್ನು ತಯಾರು ಮಾಡುವ ಯೋಚನೆ ಅಷ್ಟು ಬೇಗ ಕೈಗೂಡುತ್ತಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು–ಉಸ್ಮಾನಾಬಾದ್ ಜಿಲ್ಲೆಗಳನ್ನು ಅಲುಗಿಸಿದ ಭೂಕಂಪದ ಕೇಂದ್ರ ಕಿಲ್ಲಾರಿ. ಬೀದರ್, ಕಲಬುರಗಿಗಳ ಜನರೂ ಆ ನಡುಕವನ್ನು ಅನುಭವಿಸಿದರು. ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ ಕಲ್ಲುಮಣ್ಣಿನ ಗೋಡೆಗಳು ಕುಸಿದು ಸುಮಾರು 10,000 ಜನ ಸತ್ತರು. ಮರುವಸತಿಯ ಕಾಲದಲ್ಲಿ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಹಳ್ಳಿಯ ಹೆಂಗಸರನ್ನು ‘ಸಂವಾದ ಸಹಾಯಕ’ರಾಗಿ ತಯಾರು ಮಾಡಿತು. ಮನೆ ಕಟ್ಟುವ ಸರ್ಕಾರಿ ಯೋಜನೆಗಳನ್ನು ಜನರಿಗೆ ತಿಳಿಸುವುದು, ಅವರ ಅಹವಾಲನ್ನು ಅಧಿಕಾರಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಮೇಲುನೋಟಕ್ಕೆ ಇದು ಮಾನಸಿಕ ಆರೋಗ್ಯದ ಕಾರ್ಯಕ್ರಮವಲ್ಲ. ಆದರೆ ಸೆರಗು ಹೊದ್ದು ಮೂಲೆಯಲ್ಲಿ ಕುಳಿತಿದ್ದ ವಿಧವೆಯರು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವಂತಾದದ್ದು ಯಾವ ಆಪ್ತಸಮಾಲೋಚನೆಗೂ ಕಡಿಮೆಯಲ್ಲ. 2001ರಲ್ಲಿ ಕಚ್ ನಡುಗಿದಾಗ ಲಾತೂರಿನ ಈ ಹೆಂಗಸರು ಅಲ್ಲಿಗೆ ಹೋದರು. ಸುನಾಮಿಯ ನಂತರ ತಮಿಳುನಾಡಿಗೂ ಹೋದರು. ಭಾಷೆ ಬೇರೆ, ಉಡುಗೆ ಬೇರೆ. ಆದರೂ ‘ನಾವೂ ಕಳೆದುಕೊಂಡವರೇ’ ಎಂದು ಎದುರು ಬಂದು ಕುಳಿತವರಿಗೆ ಸಿಕ್ಕ ಸಲಿಗೆ, ಪದವಿ ಹೊತ್ತು ಬಂದವರಿಗೆ ಸುಲಭವಾಗಿ ಸಿಗುವಂಥದ್ದಲ್ಲ.

1999ರ ಅಕ್ಟೋಬರ್ 29ರ ಮಹಾ ಚಂಡಮಾರುತ ಒಡಿಶಾದ ಪಾರಾದೀಪದ ಬಳಿ ನೆಲ ಮುಟ್ಟಿ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶಕ್ಕೆ ಸಮುದ್ರವೇ ನುಗ್ಗಿತು. ಇಲ್ಲಿ ಆಕ್ಷನ್ ಏಡ್ ಸಂಸ್ಥೆ ‘ಸ್ನೇಹ ಅಭಿಯಾನ’ವೆಂಬ ಹೆಸರಿನಲ್ಲಿ ಮನೋಸಾಮಾಜಿಕ ಕಾರ್ಯವನ್ನು ಕೈಗೊಂಡಿತು. ನಿಮ್ಹಾನ್ಸ್ ತರಬೇತಿಗೆ ನಿಂತಿತು. ಸ್ಥಳೀಯ ಯುವಕ ಯುವತಿಯರೇ ‘ಸ್ನೇಹಕರ್ಮಿ’ಗಳಾದರು. ತಂದೆತಾಯಿ ಇಲ್ಲದಾದ ಮಕ್ಕಳನ್ನು ದೂರದ ಅನಾಥಾಲಯಗಳಿಗೆ ಸಾಗಿಸದೆ, ಒಂಟಿಯಾದ ಹೆಂಗಸರು, ವೃದ್ಧರ ಜೊತೆಗೆ ಊರಿನಲ್ಲೇ ಇರಿಸುವ ‘ಮಮತಾ ಗೃಹ’ಗಳು ಹುಟ್ಟಿದವು. ಮಗುವಿಗೆ ಮಡಿಲು, ಮಡಿಲು ಬರಿದಾದವರಿಗೆ ಮಗು ಸಿಗುವ ಈ ಏರ್ಪಾಡು ದೇಶದ ವಿಕೋಪ ನಿರ್ವಹಣೆಯ ಚರಿತ್ರೆಯಲ್ಲಿ ಬಹಳ ಅಂತಃಕರಣದ ಪ್ರಯೋಗ.

2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್‌ನಲ್ಲಿ 7.7 ಪ್ರಮಾಣದ ಭೂಕಂಪವಾಯಿತು. ಸರ್ಕಾರಿ ಲೆಕ್ಕದಲ್ಲೇ 13,800ಕ್ಕೂ ಹೆಚ್ಚು ಸಾವು. ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ನೂರಕ್ಕೂ ಹೆಚ್ಚು ಶಾಲಾ ಮಕ್ಕಳು ಇಕ್ಕಟ್ಟಿನ ಬೀದಿಯಲ್ಲಿ ಎರಡೂ ಬದಿಯ ಕಟ್ಟಡಗಳ ಕೆಳಗೆ ಸಿಕ್ಕಿ ಸತ್ತರು. ಒಡಿಶಾದಲ್ಲಿ ಬಳಸಿದ ಕೈಪಿಡಿಗಳು ಇಲ್ಲಿ ಗುಜರಾತಿಯಲ್ಲಿ ಹೊಸ ರೂಪ ಪಡೆದವು. ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗದ ಕೆ. ಶೇಖರ್ ಮತ್ತವರ ತಂಡ ಸಮುದಾಯ ಮಟ್ಟದ ಕಾರ್ಯಕರ್ತರನ್ನು ತಯಾರು ಮಾಡಿತು. ಕಚ್ಚಿನ ಹೆಂಗಸರಲ್ಲಿ ಅನೇಕರು ಕೇಳಿದ್ದು ಕಸೂತಿಯ ಕೆಲಸ. ಸ್ವಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ ಬಟ್ಟೆ, ದಾರ, ಸೂಜಿ ಒದಗಿಸಿತು. ಗುಂಪಾಗಿ ಕುಳಿತು ಕಸೂತಿ ಹಾಕುವಾಗ ಸತ್ತವರ ಮಾತು ತಾನಾಗಿ ಬರುತ್ತಿತ್ತು, ಅಳು ಬಂದರೆ ಪಕ್ಕದಲ್ಲಿ ಒಬ್ಬರಿರುತ್ತಿದ್ದರು.

2004ರ ಡಿಸೆಂಬರ್ 26ರ ಸುನಾಮಿ ಭಾರತದಲ್ಲಿ 10,000ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಮಿಕ್ಕಿ ಸಾವು. ಅಲೆ ಬಂದಾಗ ಮರ ಹತ್ತಲಾರದ, ಈಜಲಾರದ, ಕೈಯ ಮಗುವನ್ನು ಬಿಡಲಾರದ ಹೆಂಗಸರು ಮತ್ತು ಮಕ್ಕಳೇ ಹೆಚ್ಚಾಗಿ ಹೋದರು. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದು ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಸರ್ಕಾರ ಮರುಜೋಡಣೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸಿತು. ಆ ತಾಯಂದಿರ ಶೋಕದ ಜೊತೆ ಗಂಡನ ಮನೆಯ ನಿರೀಕ್ಷೆ, ಮತ್ತೆ ಬಸಿರಾಗದಿದ್ದರೆ ಎಂಬ ಭಯ ಹೆಣೆದುಕೊಂಡಿತ್ತು. ಇಂಥ ಮಾತು ಗಂಡಸರ ಮುಂದೆ, ಪರಭಾಷಿಕರ ಮುಂದೆ ಬರುವುದಿಲ್ಲ. ಅಲ್ಲಿ ದುಡಿದ ಸ್ಥಳೀಯ ಮಹಿಳಾ ಕಾರ್ಯಕರ್ತೆಯರ ಬೆಲೆ ತಿಳಿದದ್ದು ಇಂಥ ಕಡೆಗಳಲ್ಲಿ. ಸಮುದಾಯ ಕಾರ್ಯಕರ್ತರ ನೆರವು ಪಡೆದ ತಮಿಳುನಾಡಿನ ಮಹಿಳೆಯರಲ್ಲಿ ಮಾನಸಿಕ ಸಂಕಟ ಗಮನಾರ್ಹವಾಗಿ ತಗ್ಗಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವೆಲ್ಲೂರಿನ ಸಂಶೋಧಕರು ಮೀನುಗಾರ ಹಳ್ಳಿಗಳಲ್ಲಿ ಜನರೊಂದಿಗೆ ಕುಳಿತು ಮಾತಾಡಿದಾಗ ಕಂಡುಕೊಂಡದ್ದು ಇನ್ನೂ ನೇರವಾದದ್ದು. ಜನ ತಮ್ಮನ್ನು ಉಳಿಸಿದ್ದು ತಮ್ಮ ಬಂಧುಬಳಗ, ದೇವರು, ಊರ ಒಗ್ಗಟ್ಟು ಎಂದೇ ಹೇಳಿದರು. ಹೊರಗಿನಿಂದ ಬಂದ ಮಾನಸಿಕ ಸೇವೆಗಳಿಗೆ ಅವರ ಲೆಕ್ಕದಲ್ಲಿ ಹಿಂದಿನ ಸಾಲು.

ಈ ಎಲ್ಲ ಅನುಭವಗಳು ಸೇರಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2009ರ ಮಾರ್ಗಸೂಚಿಗಳಾದವು. ವಿಕೋಪದಲ್ಲಿ ಮನೋಸಾಮಾಜಿಕ ನೆರವು ಪರಿಹಾರ ಕಾರ್ಯದ ಅವಿಭಾಜ್ಯ ಅಂಗ ಎಂದು ಅಲ್ಲಿಂದ ಮುಂದೆ ಸರ್ಕಾರವೇ ಒಪ್ಪಿಕೊಂಡಂತಾಯಿತು.

ಕೆಲಸದ ರೀತಿ

ನಿಮ್ಹಾನ್ಸ್ ಕೈಪಿಡಿಗಳು ಸ್ವಯಂಸೇವಕರಿಗೆ ಕಲಿಸುವ ತತ್ತ್ವಗಳು ಏಳು. ಮನಬಿಚ್ಚಿ ಮಾತಾಡಲು ಎಡೆಮಾಡುವುದು, ಅವರ ಜಾಗದಲ್ಲಿ ನಿಂತು ಅರಿಯುವುದು, ಗಮನವಿಟ್ಟು ಕೇಳುವುದು, ಸಾಮಾಜಿಕ ಆಸರೆಯನ್ನು ಬಲಪಡಿಸುವುದು, ಮನಸ್ಸನ್ನು ಹೊರಗಿನ ಚಟುವಟಿಕೆಗಳತ್ತ ತಿರುಗಿಸುವುದು, ವಿಶ್ರಾಂತಿ ಮತ್ತು ಮನರಂಜನೆ, ಧರ್ಮ ಹಾಗೂ ಅಧ್ಯಾತ್ಮದ ಆಸರೆ. ಕೊನೆಯದು ಅನೇಕ ಪಾಶ್ಚಾತ್ಯ ಕೈಪಿಡಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ನಮ್ಮಲ್ಲಿ ತಿಥಿ, ಫಾತಿಹಾ, ಪ್ರಾರ್ಥನೆಗಳು ನಡೆಯದಿದ್ದರೆ ಸತ್ತವರಿಗೆ ಅನ್ಯಾಯವಾಯಿತೆಂಬ ಕೊರಗು ವರ್ಷಗಟ್ಟಲೆ ಉಳಿಯುತ್ತದೆ. ಶಿಬಿರದಲ್ಲಿದ್ದುಕೊಂಡೇ ಹನ್ನೊಂದನೆಯ ದಿನದ ಕಾರ್ಯ ಮಾಡಲು ಅನುಕೂಲ ಕಲ್ಪಿಸಿಕೊಟ್ಟ ಕಾರ್ಯಕರ್ತ ದೊಡ್ಡ ಭಾರವನ್ನೇ ಇಳಿಸಿರುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೊದಲ ಗಂಟೆ, ಮೊದಲ ದಿನಗಳಿಗೆ ಸಂಬಂಧಿಸಿದ್ದು. ನೋಡು, ಕೇಳು, ಜೋಡಿಸು ಎಂಬ ಮೂರು ಹೆಜ್ಜೆ ಅದರದು. ಅಪಾಯ ಎಲ್ಲಿದೆ, ಯಾರಿಗೆ ತುರ್ತು ನೆರವು ಬೇಕು ಎಂದು ನೋಡುವುದು, ಮಾತಾಡಲು ಒತ್ತಾಯಿಸದೆ ಕೇಳುವುದು, ಊಟ, ವಸತಿ, ಬಂಧುಗಳು, ವೈದ್ಯರು, ಖಚಿತ ಮಾಹಿತಿಯೊಂದಿಗೆ ಅವರನ್ನು ಜೋಡಿಸುವುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ಪರಿಹಾರ ಸಂಸ್ಥೆಗಳೂ ಸೇರಿದ ಸ್ಥಾಯಿ ಸಮಿತಿ 2007ರಲ್ಲಿ ಹೊರತಂದ ಮಾರ್ಗಸೂಚಿ ಈ ನೆರವನ್ನು ನಾಲ್ಕು ಸ್ತರಗಳ ಗೋಪುರವಾಗಿ ಕಾಣುತ್ತದೆ. ತಳದಲ್ಲಿ ಮರ್ಯಾದೆಯಿಂದ ಸಿಗುವ ಅನ್ನ, ನೀರು, ರಕ್ಷಣೆ. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ, ಮೂರನೆಯದಾಗಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರ ವೈಯಕ್ತಿಕ ನೆರವು, ತುದಿಯಲ್ಲಿ ಮನೋವೈದ್ಯಕೀಯ ಚಿಕಿತ್ಸೆ. ಸ್ವಯಂಸೇವಕರ ಕಾರ್ಯಕ್ಷೇತ್ರ ನಡುವಿನ ಎರಡು ಸ್ತರಗಳು. ಆತ್ಮಹತ್ಯೆಯ ಮಾತಾಡುವವರು, ವಾರಗಳು ಕಳೆದರೂ ಊಟ ನಿದ್ದೆ ಬಿಟ್ಟವರು, ವಾಸ್ತವದ ಅರಿವು ತಪ್ಪಿದವರು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕಳಿಸುವುದು ಅವರ ಹೊಣೆ. ತಾವೇ ಚಿಕಿತ್ಸೆಗಿಳಿಯುವಂತಿಲ್ಲ.

ಹೇಳಬಾರದ ಮಾತುಗಳನ್ನು ತಿಳಿದಿರುವುದೂ ತರಬೇತಿಯ ಭಾಗ. ‘ಆದದ್ದೆಲ್ಲ ಒಳ್ಳೆಯದಕ್ಕೆ’, ‘ದೇವರ ಇಚ್ಛೆ’, ‘ಇನ್ನೊಂದು ಮಗು ಇದೆಯಲ್ಲ’, ‘ನಿಮಗಿಂತ ಹೆಚ್ಚು ಕಳೆದುಕೊಂಡವರಿದ್ದಾರೆ’ ಎಂಬ ಸಮಾಧಾನಗಳು ನೊಂದವರ ಬಾಯಿ ಮುಚ್ಚಿಸುತ್ತವೆ. ಆ ನಂಬಿಕೆ ಅವರ ಬಾಯಿಂದಲೇ ಬಂದರೆ ಗೌರವದಿಂದ ಕೇಳಬೇಕು, ನಾವಾಗಿ ಹೇರಬಾರದು. ಮನೆ ಖಂಡಿತ ಸಿಗುತ್ತದೆ, ಮಗ ಬಂದೇ ಬರುತ್ತಾನೆ ಎಂಬ ಭರವಸೆಗಳು ಇನ್ನೂ ಅಪಾಯಕಾರಿ.

ಮಕ್ಕಳು

ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಳ್ಳಬಹುದು, ತಾಯಿಯ ಸೆರಗು ಬಿಡದಿರಬಹುದು, ಮನೆ ಕುಸಿಯುವ ಆಟವನ್ನೇ ಪದೇ ಪದೇ ಆಡಬಹುದು. ಶಾಲೆ ಬೇಗ ತೆರೆಯುವುದು ಅವರಿಗೆ ಬೇಕಾದ ಮೊದಲ ಮದ್ದು, ಡೇರೆಯ ಕೆಳಗಾದರೂ ಸರಿ. ಗಂಟೆ ಬಾರಿಸಿ, ಪ್ರಾರ್ಥನೆ ಮುಗಿದು, ಗುರುತಿನ ಶಿಕ್ಷಕರು ಹಾಜರಿ ಕರೆದರೆ ದಿನಕ್ಕೊಂದು ಆಕಾರ ಮರಳುತ್ತದೆ. ಚಿತ್ರ, ಹಾಡು, ಕಥೆ, ಗೊಂಬೆಯಾಟಗಳು ಉಪಯುಕ್ತ ಸಾಧನಗಳು. ಆದರೆ ಸುನಾಮಿಯ ತರುವಾಯ ಕರಾವಳಿಯ ಶಿಬಿರಗಳಿಗೆ ಒಂದರ ಹಿಂದೊಂದು ಬಂದ ಗುಂಪುಗಳು ಮಕ್ಕಳ ಕೈಗೆ ಬಣ್ಣ ಕೊಟ್ಟು ಅಲೆಯ ಚಿತ್ರವನ್ನೇ ಬರೆಸಿದ್ದು ಕೌತುಕಕ್ಕೆ ಹತ್ತಿರವಾದ ನಡವಳಿಕೆ. ಮಗು ತಾನಾಗಿ ಅಲೆ ಬರೆದರೆ ಬರೆಯಲಿ. ಬರೆಸಿ, ಫೋಟೊ ತೆಗೆದು, ವರದಿಗೆ ಅಂಟಿಸಿಕೊಂಡು ಹೋಗುವುದರಿಂದ ಮಗುವಿಗೆ ಏನೂ ದಕ್ಕುವುದಿಲ್ಲ. ಗೊತ್ತುಗುರಿಯಿಲ್ಲದೆ ಬಂದವರ ಮಡಿಲಿಗೆ ಮಕ್ಕಳನ್ನು ದತ್ತು ಕೊಡುವುದನ್ನು, ಶಿಬಿರದಿಂದ ಹೊರಗೆ ಕರೆದೊಯ್ಯುವುದನ್ನು ತಡೆಯುವುದೂ ಕಾರ್ಯಕರ್ತರ ಕಣ್ಗಾವಲಿನ ಭಾಗ.

ಕಾಣೆಯಾದವರ ಕುಟುಂಬಗಳು

ದೇಹ ಸಿಗದ ಸಾವು ಬೇರೆಯೇ ಬಗೆಯ ಸಂಕಟ. ಅತ್ತರೆ ಆಸೆ ಬಿಟ್ಟಂತೆ, ಅಳದಿದ್ದರೆ ಮುಂದೆ ನಡೆಯಲಾಗದಂತೆ ಮನಸ್ಸು ನಡುವೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಪಾಲಿನ್ ಬಾಸ್ ಇದನ್ನು ಅಸ್ಪಷ್ಟ ನಷ್ಟ ಎಂಬ ಪರಿಕಲ್ಪನೆಯಾಗಿ ಬೆಳೆಸಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದವರನ್ನು ಗಂಗಾವಳಿ ನದಿಗೆ ದೂಡಿದಾಗ, ಕೇರಳದ ಒಬ್ಬ ಲಾರಿ ಚಾಲಕನ ದೇಹ ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು. ಅದೇ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಅಳಿಸಿಹಾಕಿದ ಭೂಕುಸಿತದ ನಂತರ ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಪುತ್ತುಮಲೆಯಲ್ಲಿ ಸಂಖ್ಯೆ ಬರೆದ ಕಲ್ಲುಗಳ ಕೆಳಗೆ, ಸರ್ವಧರ್ಮ ಪ್ರಾರ್ಥನೆಯೊಂದಿಗೆ ಹೂಳಲಾಯಿತು. ಇಂಥ ಕುಟುಂಬಗಳ ಜೊತೆಗಿರುವ ಸ್ವಯಂಸೇವಕರು ಸಾವನ್ನು ಒಪ್ಪಿಕೊಳ್ಳಿ ಎಂದು ಒತ್ತಾಯಿಸುವುದಿಲ್ಲ. ಶೋಧದ ಸುದ್ದಿಯನ್ನು ಟಿವಿಯವರಿಗಿಂತ ಮೊದಲು, ಇದ್ದದ್ದು ಇದ್ದಂತೆ ಮನೆಯವರಿಗೆ ತಲುಪಿಸುವುದು, ಡಿಎನ್‌ಎ ಪರೀಕ್ಷೆಗೆ ಜೊತೆಯಾಗುವುದು, ಮರಣ ಪ್ರಮಾಣಪತ್ರದ ನಿಯಮಗಳನ್ನು ತಿಳಿಸುವುದು ಅವರು ಮಾಡಬಹುದಾದ ಕೆಲಸ.

ಎಡವಿದ ಕಡೆಗಳು

ಒಳ್ಳೆಯ ಮನಸ್ಸಿದ್ದರೆ ಸಾಕು, ಹಾನಿಯಾಗದು ಎಂಬುದು ಸುಳ್ಳು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿ ರೂಪಿಸಿದ ಒಂದು ವಿಧಾನದಲ್ಲಿ ಘಟನೆ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ಕಂಡದ್ದನ್ನೂ ಅನಿಸಿದ್ದನ್ನೂ ಹೇಳಿಸಲಾಗುತ್ತಿತ್ತು. ಅದು ಬೇಗನೆ ವಿಕೋಪ ಪೀಡಿತರ ಮೇಲೂ ಪ್ರಯೋಗವಾಯಿತು. 1997ರಲ್ಲಿ ಬ್ರಿಟನ್ನಿನ ಜೊನಾಥನ್ ಬಿಸ್ಸನ್ ಮತ್ತಿತರರು ಸುಟ್ಟಗಾಯದ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, 13 ತಿಂಗಳ ಬಳಿಕ ಹೀಗೆ ಮಾತಾಡಿಸಿದವರಲ್ಲಿ ಶೇ. 26 ಮಂದಿಗೆ, ಮಾತಾಡಿಸದವರಲ್ಲಿ ಶೇ. 9 ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಕಂಡಿತು. ಆಮೇಲಿನ ಸಮಗ್ರ ಪರಿಶೀಲನೆಗಳು ಒಂದೇ ಕೂರಿಕೆಯ ಈ ವಿಧಾನದಿಂದ ಲಾಭವಿಲ್ಲವೆಂದು ತೀರ್ಮಾನಿಸಿದವು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬಳಸಬಾರದೆಂದು ಹೇಳುತ್ತದೆ. ಸುದ್ದಿವಾಹಿನಿಗಳ ಮೈಕು ಮಾಡುವುದು ಕೂಡ ಇದೇ ಕೆಲಸವನ್ನು, ಯಾವ ಹೊಣೆಯೂ ಇಲ್ಲದೆ.

ಇನ್ನೊಂದು ಕುರುಡು ಹೆಚ್ಚು ನೋವಿನದು. ಸುನಾಮಿ ಶಿಬಿರಗಳಲ್ಲಿ ದಲಿತರನ್ನು, ಇರುಳರಂಥ ಬುಡಕಟ್ಟಿನವರನ್ನು ದೂರವಿಟ್ಟ ಪ್ರಕರಣಗಳು ದಾಖಲಾಗಿವೆ. ಕಣ್ಣೆದುರಿನ ಶಿಬಿರದಲ್ಲಿರುವವರನ್ನು ಮಾತಾಡಿಸಿ ಬಂದ ಸ್ವಯಂಸೇವಕ, ಶಿಬಿರಕ್ಕೇ ಬರಲಾಗದವರು ಯಾರು ಎಂದು ಕೇಳದಿದ್ದರೆ ಅವನ ಕರುಣೆ ಅರ್ಧದಾರಿಯಲ್ಲೇ ನಿಂತಂತೆ. ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಹೊರರಾಜ್ಯದ ಕೂಲಿಗಳು ಪಟ್ಟಿಯಿಂದ ಸುಲಭವಾಗಿ ಜಾರಿಹೋಗುವವರು.

ಕರ್ನಾಟಕ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತ ಬೆಟ್ಟಗಳು ಕುಸಿದು, ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ನಿಮ್ಹಾನ್ಸ್ ತಂಡಗಳು ಅಲ್ಲಿಗೂ ಹೋದವು. ಸತ್ತವರ ಸಂಖ್ಯೆ ಬೇರೆ ದುರಂತಗಳಿಗೆ ಹೋಲಿಸಿದರೆ ಚಿಕ್ಕದು, ಸುಮಾರು 20. ಆದರೆ ಕೊಡಗಿನವರಿಗೆ ಜಮೀನು ಅಂದರೆ ಮನೆತನದ ಮೂಲಮನೆಯಾದ ಐನ್‌ಮನೆ, ಪೂರ್ವಿಕರ ಗುಡಿಯಾದ ಕೈಮಡ, ಹಿರಿಯರ ಗುರುತು. ಕಾಫಿ ತೋಟವೇ ಕೆಳಗಿನ ಕಣಿವೆಗೆ ಜಾರಿ, ಗದ್ದೆಯ ಮೇಲೆ ಆಳೆತ್ತರದ ಹೂಳು ಕುಳಿತಾಗ ಸುಗ್ಗಿಯ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುವ ನೆಲವೇ ಇಲ್ಲದಾಯಿತು. ಪರಿಹಾರದ ಯಾವ ಕೋಷ್ಟಕದಲ್ಲೂ ಈ ನಷ್ಟಕ್ಕೆ ಅಂಕಣವಿಲ್ಲ. ತೋಟದ ಲೈನ್ ಮನೆಗಳ ಕಾರ್ಮಿಕರ ಕಷ್ಟ ಬೇರೆಯದು. ಅವರ ಹೆಸರಿನಲ್ಲಿ ಮನೆಯೂ ಇರಲಿಲ್ಲ, ನೆಲವೂ ಇರಲಿಲ್ಲ. ಒಂದೇ ಶಿಬಿರದಲ್ಲಿ ಕೊಡವ, ಅರೆಭಾಷೆ, ತುಳು, ಮಲಯಾಳ, ಯರವ ಮಾತುಗಳು ಕೇಳಿಬರುವ ಜಿಲ್ಲೆಯಲ್ಲಿ ಕನ್ನಡವೊಂದನ್ನೇ ಬಲ್ಲ ಆಪ್ತಸಮಾಲೋಚಕರಿಗೂ ಊರಿನ ಆಶಾ ಕಾರ್ಯಕರ್ತೆಯ ಆಸರೆ ಬೇಕು. ಜಂಬೂರು, ಮದೆನಾಡುಗಳಲ್ಲಿ ಸಂತ್ರಸ್ತರಿಗೆ ಮನೆಗಳ ಹಸ್ತಾಂತರವಾದದ್ದು 2020ರಲ್ಲಿ. 2018ರ ನಂತರದ ಮಳೆಗಾಲಗಳಲ್ಲೂ ಜಿಲ್ಲೆಯಲ್ಲಿ ಮತ್ತೆ ಗುಡ್ಡಗಳು ಕುಸಿದವು. ಮಳೆ ಜೋರಾದ ರಾತ್ರಿ ನಿದ್ದೆ ಬಾರದವರ ಭಯಕ್ಕೆ ಕಾರಣವಿತ್ತು. ಅಲ್ಲಿ ಧೈರ್ಯದ ಮಾತಿಗಿಂತ ಮಳೆಮಾಪನದ ಖಚಿತ ಮಾಹಿತಿ, ಎಲ್ಲಿಗೆ ಓಡಬೇಕೆಂಬ ಗೊತ್ತು ಹೆಚ್ಚು ನೆಮ್ಮದಿ ಕೊಡುತ್ತವೆ.

2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕೃಷ್ಣಾ ಮತ್ತಿತರ ನದಿಗಳ ತೀರಗಳು ಮುಳುಗಿದವು. ಗಡಿಯಾಚೆಯ ದುರಂತವೂ ರಾಜ್ಯವನ್ನು ತಟ್ಟಿತು. 2024ರಲ್ಲಿ ವಯನಾಡಿನಲ್ಲಿ ಸತ್ತವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದವರೂ ಇದ್ದರು. ಕೂಲಿಗಾಗಿ ಗಡಿ ದಾಟಿದ ಕುಟುಂಬಗಳ ಶೋಕ ಎರಡು ರಾಜ್ಯಗಳ ಕಚೇರಿಗಳ ನಡುವೆ ಹಂಚಿಹೋಗುತ್ತದೆ. ಅದನ್ನು ಹಿಂಬಾಲಿಸಲು ಎರಡೂ ಕಡೆಯ ಕಾರ್ಯಕರ್ತರು ಸಂಪರ್ಕದಲ್ಲಿರಬೇಕಾಗುತ್ತದೆ.

ತರಬೇತಿ ಪಡೆದ ಸಾಮಾನ್ಯ ಜನರ ಆಪ್ತಸಮಾಲೋಚನೆಗೆ ರಾಜ್ಯದಲ್ಲಿ ಗಟ್ಟಿ ಪರಂಪರೆಯಿದೆ. ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ನಡೆಸಿದ ಸಮಾಧಾನ ಕೇಂದ್ರ ಗೃಹಿಣಿಯರು, ನಿವೃತ್ತರು, ಶಿಕ್ಷಕರನ್ನು ಈ ಕೆಲಸಕ್ಕೆ ಅಣಿಗೊಳಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅದರ ಸಂಖ್ಯೆ 14416, ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಕನ್ನಡದಲ್ಲೂ ಅಲ್ಲಿ ಮಾತಾಡಬಹುದು.

ಸ್ವಯಂಸೇವಕರ ಆರೈಕೆ

ದಿನಕ್ಕೆ ಹತ್ತಾರು ಮನೆಗಳ ದುಃಖ ಕೇಳಿ ಬಂದವರಿಗೆ ತಮ್ಮ ಮನೆಯಲ್ಲಿ ಊಟ ಸೇರದಿರುವುದು, ಸಿಡುಕುವುದು, ರಜೆ ತೆಗೆದುಕೊಳ್ಳಲು ಅಪರಾಧ ಭಾವ ಕಾಡುವುದು ಸಾಮಾನ್ಯ. ಶವ ಎತ್ತಿದ ಯುವಕರು, ತಾವೇ ಬಂಧುಗಳನ್ನು ಕಳೆದುಕೊಂಡ ಕಾರ್ಯಕರ್ತೆಯರು ಇನ್ನೂ ಹೆಚ್ಚು ನಲುಗುತ್ತಾರೆ. ಒಂಟಿಯಾಗಿ ಹೋಗದೆ ಜೋಡಿಯಾಗಿ ಹೋಗುವುದು, ಸಂಜೆ ಹಿರಿಯ ಕಾರ್ಯಕರ್ತರೊಂದಿಗೆ ಕುಳಿತು ದಿನದ ಭಾರ ಇಳಿಸುವುದು, ಸರದಿಯ ಮೇಲೆ ಬಿಡುವು ಪಡೆಯುವುದು, ಬೇಡವೆನಿಸಿದರೆ ನಾಚಿಕೆಯಿಲ್ಲದೆ ಹಿಂದೆ ಸರಿಯುವ ಸ್ವಾತಂತ್ರ್ಯವಿರುವುದು ಕಾರ್ಯಕ್ರಮದ ಯೋಜನೆಯಲ್ಲೇ ಸೇರಿರಬೇಕು. ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಗೌರವಧನಕ್ಕಾಗಿ ಬೀದಿಗಿಳಿದು ಹೋರಾಡಬೇಕಾದವರ ಹೆಗಲ ಮೇಲೆ ವಿಕೋಪ ಕಾಲದ ಮಾನಸಿಕ ಆರೈಕೆಯನ್ನೂ ಹೊರಿಸಿ, ಅದನ್ನು ಸೇವೆ ಎಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ.

ಕೇಂದ್ರ ಸರ್ಕಾರದ ಆಪದ ಮಿತ್ರ ಯೋಜನೆ 2016ರಲ್ಲಿ 30 ಪ್ರವಾಹಪೀಡಿತ ಜಿಲ್ಲೆಗಳ 6,000 ಸ್ವಯಂಸೇವಕರ ಗುರಿಯೊಂದಿಗೆ ಶುರುವಾಗಿ, ಆಮೇಲೆ 350 ಜಿಲ್ಲೆಗಳ ಒಂದು ಲಕ್ಷ ಜನರ ಗುರಿಗೆ ವಿಸ್ತರಿಸಿತು. ಅದರ ಹನ್ನೆರಡು ದಿನಗಳ ತರಬೇತಿಯ ಒತ್ತು ಶೋಧ, ರಕ್ಷಣೆ, ಪ್ರಥಮ ಚಿಕಿತ್ಸೆಗಳ ಮೇಲಿದೆ. ನೀರಿನಿಂದ ಮೇಲೆತ್ತಿದ ಮನುಷ್ಯನೊಡನೆ ಮೊದಲು ಮಾತಾಡುವವರು ಇವರೇ. ಆ ಹನ್ನೆರಡು ದಿನಗಳಲ್ಲಿ ಕನಿಷ್ಠ ಎರಡು ದಿನ ಕೇಳುವ ಅಭ್ಯಾಸಕ್ಕೆ ಮೀಸಲಾಗಬೇಕು, ಮತ್ತು ಅದನ್ನು ಕಲಿಸುವವರಲ್ಲಿ ಮಕ್ಕಂದೂರಿನ, ಶಿರೂರಿನ, ಕೃಷ್ಣಾ ತೀರದ ಸಂತ್ರಸ್ತರೂ ಇರಬೇಕು.